ಗೆರೆಯಿಂದ ಮೇಲಿನ ಮನೆ

ಐವತ್ತು ಪಾಯಿಂಟ್ ಒಂಬತ್ತು ನಾಲ್ಕು ಎಂಬ ಸಂಖ್ಯೆ ಎರಡು ದಿನದಿಂದ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಾಲಗೆ ಯಾವ ಕೆಲಸಕ್ಕೆ ಹೊರಟರೂ ಕೊನೆಗೆ ಅಲ್ಲಿಗೇ ಹೋಗಿ ತಡವುತ್ತಿತ್ತು. ಗೂಡ್ಸ್ ಯಾರ್ಡಿನ ಹಿಂದಿನ ಬೀದಿಯ ತುದಿಯಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ, ಪೇಪರ್ ಅಂಗಡಿಯ ಮುಂದೆ ನಿಂತು, ತಂತಿಗೆ ಸಿಕ್ಕಿಸಿದ್ದ ಪತ್ರಿಕೆಯ ಒಂದೇ ತಲೆಬರಹವನ್ನು ನಾಲ್ಕನೆಯ ಸಲ ಓದುತ್ತಿದ್ದ. ಏನು ಓದಿದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. "ಕೊಂಡ್ಕೊಂಡ್ರೆ ಒಳಗಿನ ಪುಟಾನೂ ಓದಬಹುದು ಸಾರ್," ಎಂದ ಅಂಗಡಿಯವನು, ತಲೆಯೆತ್ತದೆ. ಅವನು ಕೊಂಡ. ಕೊಂಡದ್ದನ್ನು ಮಡಿಸಿ ಬ್ಯಾಗಿಗೆ ತುರುಕುವಾಗ ಒಳಗಿದ್ದ ಹಳದಿ ಕಾರ್ಡು, ಹದಿನಾಲ್ಕನೇ ನಂಬರ್ ಮನೆಯ ಫಾರಂ, ಎರಡೂ ಅವನ ಬೆರಳಿಗೆ ತಗುಲಿದವು. ಅಕ್ಕನ ಮನೆಗೆ ಹೋಗುವಾಗ ಏನಾದರೂ ಒಯ್ಯಬೇಕೆಂದು ಕೈ ತಾನಾಗಿಯೇ ಬಿಸ್ಕತ್ತಿನ ಪೊಟ್ಟಣದ ಕಡೆಗೆ ಹೋಗಿ ಅರ್ಧಕ್ಕೆ ನಿಂತಿತು. ತಮ್ಮನಾಗಿ ಹೋಗುವುದಾದರೆ ಬಿಸ್ಕತ್ತು ಬೇಕು. ನಗರಸಭೆಯವನಾಗಿ ಹೋಗುವುದಾದರೆ ಬಿಸ್ಕತ್ತು ಎಂದರೆ ತಿರುಗುಮುರುಗಾದ ಲಂಚ. ಯಾರಾಗಿ ಹೋಗುತ್ತಿದ್ದೇನೆಂದು ತೀರ್ಮಾನವಾಗದೆ ಬರಿಗೈಯಲ್ಲೇ ನಡೆದ.

ನಗರಸಭೆಯ ವಸತಿ ಮತ್ತು ಬಡಾವಣೆ ಅಭಿವೃದ್ಧಿ ವಿಭಾಗದಲ್ಲಿ ಅವನು ನಾಲ್ಕು ವರ್ಷದಿಂದ ಹಂಗಾಮಿ. ಹಂಗಾಮಿ ಎಂದರೆ ಮೇಜಿದೆ, ಮೇಜಿನ ಬೀಗದ ಕೈ ಇಲ್ಲ. ತಿಂಗಳ ಕೊನೆಗೆ ಖಾಯಂ ಆಗುವವರ ಪಟ್ಟಿ ಹೊರಡುವುದಿತ್ತು. ಅದರಲ್ಲಿ ಅವನಿದ್ದಾನೆಂದು ವಿಭಾಗದ ಮುಖ್ಯಸ್ಥೆ ಮೇಡಂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ, ಒಂದು ಸಲ ಮೆಟ್ಟಿಲ ಹತ್ತಿರ ಅವನನ್ನು ನೋಡಿ ನಕ್ಕಿದ್ದರು. ಆ ನಗುವಿನ ಮೇಲೆ ಅವನು, ಅವನ ಹೆಂಡತಿ, ಹೆಂಡತಿಯ ತಾಯಿ ಮೂವರೂ ಎರಡು ತಿಂಗಳಿಂದ ಬದುಕಿದ್ದರು. ಕೇಂದ್ರ ಸರ್ಕಾರ ನಗರಗಳಿಗೆ ಕೊಡುವ ಅನುದಾನದಲ್ಲಿ ಈ ವರ್ಷ ಒಂದು ಬೀದಿಗೆ ಹೊಸ ಒಳಚರಂಡಿ ಕೊಳವೆ ಹಾಕಿಸಬಹುದಿತ್ತು. ನಿಯಮ ಒಂದೇ: ಬೀದಿಯ ನೂರು ಮನೆಗಳಲ್ಲಿ ಐವತ್ತೊಂದಾದರೂ ಗೆರೆಯ ಕೆಳಗಿರಬೇಕು. ಐವತ್ತೇ ಇದ್ದರೆ ಆ ಬೀದಿಯ ಬಡತನ ಸಾಲದು. ಗೆರೆ ಎಂದರೆ ಹಳದಿ ಕಾರ್ಡಿನಲ್ಲಿ ಅಚ್ಚಾದ ಅಂಕಿ; ಮನೆಯಲ್ಲಿ ಇಬ್ಬರಿದ್ದರೆ ಒಂದು, ಮೂವರಿದ್ದರೆ ಇನ್ನೊಂದು. ಕಾರ್ಡನ್ನು ಮನೆಯವರ ಮುಂದೆ ಹಿಡಿದು, ನಿಮ್ಮ ವರಮಾನ ಇದರ ಮೇಲಾ ಕೆಳಗಾ ಎಂದು ಕೇಳಬೇಕು. ಎಷ್ಟು ಎಂದು ಕೇಳಬಾರದು. ಸಂಬಳದ ಚೀಟಿ ನೋಡಬಾರದು. ಮುಖ ನೋಡಿ ಊಹಿಸಬಾರದು. ಬಾಯಿಂದ ಬಂದದ್ದನ್ನು ಬರೆದುಕೊಳ್ಳಬೇಕು. ಜನರ ಮಾನ ಉಳಿಯಲೆಂದು ಎಲ್ಲೋ ದೂರದ ರಾಜಧಾನಿಯಲ್ಲಿ ಯಾರೋ ಪುಣ್ಯಾತ್ಮರು ಕೂತು ಮಾಡಿದ ಏರ್ಪಾಡು. ಆ ಪುಣ್ಯಾತ್ಮರಿಗೆ ಅಕ್ಕಂದಿರಿರಲಿಲ್ಲವೆಂದು ಕಾಣುತ್ತದೆ.

ಬೀದಿಯಲ್ಲಿ ಇನ್ನೂರ ಹನ್ನೆರಡು ಮನೆ. ಕೆಳಗೆ ಎಂದವರು ನೂರ ಎಂಟು. ಇನ್ನೊಂದೇ ಒಂದು ಮನೆ ಕೆಳಗೆ ಎಂದಿದ್ದರೆ ಐವತ್ತೊಂದು ದಾಟುತ್ತಿತ್ತು. "ಐವತ್ತು ಪಾಯಿಂಟ್ ಒಂಬತ್ತು ನಾಲ್ಕು ಅಂದ್ರೆ ಐವತ್ತೇ ಕಣ್ರೀ," ಎಂದಿದ್ದರು ಮೇಡಂ. "ಬಸ್ಸಿನ ಬಾಗಿಲಿಗೆ ಬೆರಳು ತಾಗಿಸಿದ್ರೆ ಬಸ್ಸು ಹತ್ತಿದ ಹಾಗಲ್ಲ." ಇವತ್ತು ಸಂಜೆ ನಾಲ್ಕಕ್ಕೆ ಅವರು ಸಹಿ ಹಾಕುವವರಿದ್ದರು. ಬೀದಿ ಪಾಸಾದರೆ ಕೊಳವೆ. ಇಲ್ಲದಿದ್ದರೆ ಅದೇ ದುಡ್ಡಿನಲ್ಲಿ ಕ್ರೀಡಾಂಗಣದ ಸುತ್ತ ದೀಪದ ಕಂಬ. ಕ್ರೀಡಾಂಗಣದ ಸುತ್ತಲಿನ ಬಡಾವಣೆ ಎಂದೋ ಪಾಸಾಗಿ, ಅದರ ಕಡತ ಅವರ ಎಡಗಡೆಯ ಟ್ರೇಯಲ್ಲಿ, ಕರೆಯದಿದ್ದರೂ ಬೇಗ ಬಂದು ಕೂತ ನೆಂಟರ ಹಾಗೆ ಕಾಯುತ್ತಿತ್ತು.

ಇನ್ನೂರ ಹನ್ನೆರಡು ಉತ್ತರಗಳಲ್ಲಿ ಸುಳ್ಳೆಂದು ಅವನಿಗೆ ಖಾತ್ರಿಯಾಗಿ ಗೊತ್ತಿದ್ದದ್ದು ಹದಿನಾಲ್ಕನೇ ಮನೆಯದು, ಎಂದರೆ ಅಕ್ಕನದು ಮಾತ್ರ. ಆ ಮನೆಗೆ ಅವನು ಹೋಗುವಂತೆಯೇ ಇರಲಿಲ್ಲ. ಬೀದಿ ಮೊದಲು ಪೆನ್ಸಿಲ್‌ಳ ಪಾಲಿಗೆ ಬಂದಿತ್ತು. ಪೆನ್ಸಿಲ್ ಎಂದರೆ ಎದುರು ಮೇಜಿನ ಸಹೋದ್ಯೋಗಿ. ತುರುಬಿಗೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಅವಳ ಎದುರಿಗೂ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ಅವಳು ಓಗೊಡುತ್ತಿದ್ದಳು. ಅವಳು ಅಕ್ಕನ ಮನೆಯ ಕುರ್ಚಿಯಲ್ಲಿ ಕೂತು, ಸುತ್ತ ನೋಡಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅಯ್ಯೋ ಪಾಪ ಎಂದು ಶುರುಮಾಡುವುದನ್ನು ಅವನು ಕಣ್ಣಿಗೆ ಕಟ್ಟಿದ ಹಾಗೆ ನೋಡಿದ್ದ. ಅದಕ್ಕಿಂತ ಹೆಚ್ಚಾಗಿ, ಅಕ್ಕ ಅವಳಿಗೆ, ನಿಮ್ಮ ಆಫೀಸಿನಲ್ಲೇ ನನ್ನ ತಮ್ಮ ಇದ್ದಾನೆ ಎಂದುಬಿಟ್ಟರೆ. ಅವನು ತನ್ನ ಪಾಲಿನ, ಲಿಫ್ಟ್ ಇರುವ ಕಟ್ಟಡಗಳ ಬೀದಿಯನ್ನು ಅವಳಿಗೆ ಕೊಟ್ಟು ಇದನ್ನು ತೆಗೆದುಕೊಂಡ. "ಏನ್ ಸಾರ್ ಇಷ್ಟೊಂದು ಧಾರಾಳ? ಆ ಬೀದೀಲಿ ಯಾರಾದ್ರೂ ಇದ್ದಾರಾ?" ಎಂದು ಅವಳು ಕಣ್ಣು ಹೊಡೆದಿದ್ದಳು. ಅವನು ಬೇಕಾದ್ದಕ್ಕಿಂತ ಒಂದು ಕ್ಷಣ ಮೊದಲೇ ನಕ್ಕಿದ್ದ. ಆಮೇಲೆ, ನನ್ನ ಪಾಲಿನ ಮನೆಗಳಲ್ಲಿ ನನ್ನ ಸಂಬಂಧಿಕರ ಮನೆ ಯಾವುದೂ ಇಲ್ಲ ಎಂಬ ಅಚ್ಚಾದ ಹೇಳಿಕೆಯ ಕೆಳಗೆ, ಎಲ್ಲರ ಹಾಗೆ, ಚಹಾ ಕುಡಿಯುತ್ತಾ ಸಹಿ ಹಾಕಿದ.

ಹದಿನೈದು ದಿನದ ಹಿಂದೆ ಫಾರಂ ಹಿಡಿದು ಬಂದಾಗ ಅಕ್ಕ ಅವನನ್ನು ಮಂಚದ ಮೇಲೆ ಕೂರಿಸಿದ್ದಳು. ಮಂಚದ ಮೇಲೆ ಹೂವಿನ ಚಾದರ, ಚಾದರದ ಕೆಳಗೆ ಉಬ್ಬುತಗ್ಗು. ಕೂತ ಕೂಡಲೇ ಅದು ಬೆಚ್ಚಗಿರುವುದು ತಿಳಿಯಿತು, ಯಾರೋ ಈಗಷ್ಟೇ ಎದ್ದು ಹೋದ ಹಾಸಿಗೆಯ ಹಾಗೆ. ಒಂದು ನಿಮಿಷ ಬೇಕಾಯಿತು ಅವನಿಗೆ: ಅವು ಇಸ್ತ್ರಿಯಾದ ಬಟ್ಟೆಯ ಗಂಟುಗಳು, ಎದುರಿನ ಅಪಾರ್ಟ್‌ಮೆಂಟಿನವರ ಶರಟು, ಪ್ಯಾಂಟು, ದಿಂಬಿನ ಚೀಲ. ಭಾವ ಪ್ರೂಫ್ ನೋಡುತ್ತಿದ್ದ ಪ್ರೆಸ್ಸು ಮುಚ್ಚಿದ ಮೇಲೆ ಅಕ್ಕ ಇಸ್ತ್ರಿಗೆ ಕೂತಿದ್ದಳೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಚಾದರ ಈ ಎರಡು ತಿಳಿವಳಿಕೆಗಳ ನಡುವೆ ಹಾಸಿದ್ದು. ಮೂವರ ಮನೆ, ಅಕ್ಕ, ಭಾವ, ನರ್ಸಿಂಗ್ ಓದುವ ಮಗಳು. ಮೂವರ ಸಾಲಿಗೆ ಬೆರಳಿಟ್ಟು ಕಾರ್ಡು ಚಾಚಿದ. ಅವಳು ಕಾರ್ಡನ್ನು ನೋಡಲಿಲ್ಲ, ಕಾರ್ಡು ಹಿಡಿದ ಕೈಯನ್ನು ನೋಡಿದಳು, ಕೈಗಡಿಯಾರ ನೋಡಿದಳು. "ಮೇಲೆ," ಎಂದಳು. ಏಳನೇ ಪ್ರಶ್ನೆ, ನಗರಸಭೆಯಲ್ಲಿ ಕೆಲಸ ಮಾಡುವ ಸಂಬಂಧಿಕರು ಇದ್ದಾರೆಯೇ. ಅದನ್ನು ಅವನು ತಲೆ ಬಗ್ಗಿಸಿ, ಮಗ್ಗಿ ಒಪ್ಪಿಸುವ ರಾಗದಲ್ಲಿ ಕೇಳಿದ್ದ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಯಾವುದು ಅನುಕೂಲವೋ ಅದನ್ನ ಬರ್ಕೋ," ಎಂದಳು. ಅವನು ಇಲ್ಲ ಎಂದು ಬರೆದುಕೊಂಡ. ಇಲ್ಲ ಎಂಬ ಎರಡಕ್ಷರ ಬರೆಯಲು ಪೆನ್ನು ಎರಡು ಸಲ ತೊದಲಿತು.

ಆ ಸುಮ್ಮನಿರುವಿಕೆ ಅವನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಒಂದು ಸಲ ಶಾಲೆಯ ಹಾಲಿನಲ್ಲಿ, ಸುಣ್ಣದ ವಾಸನೆಯ ನಡುವೆ, ಎಲ್ಲ ತರಗತಿಗಳನ್ನೂ ಕೂರಿಸಿ, ಯಾರ ಮನೆಯಲ್ಲಿ ಪುಸ್ತಕ ಕೊಳ್ಳಲು ಆಗುವುದಿಲ್ಲವೋ ಅವರು ಎದ್ದು ನಿಲ್ಲಿ, ಉಚಿತವಾಗಿ ಕೊಡುತ್ತೇವೆ, ಎಂದಿದ್ದರು ಹೆಡ್‌ಮಾಸ್ಟರು. ಅವರ ಹತ್ತಿರ ಹಳದಿ ಕಾರ್ಡು ಇರಲಿಲ್ಲ. ಎರಡು ತರಗತಿ ಮುಂದಿದ್ದ ಅಕ್ಕ ಎದ್ದು ನಿಂತಳು, ಜಡೆ ಮುಂದಕ್ಕೆ ಹಾಕಿಕೊಂಡು, ಬಸ್ಸಿಗೆ ಕಾಯುವವರಷ್ಟು ಆರಾಮಾಗಿ. ಅವನು ಕೂತೇ ಇದ್ದ. ಪಕ್ಕದವನು ಮೊಣಕೈಯಿಂದ ತಿವಿದ. ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನೋಡಿ, ನೀನೂ ಅದೇ ಮನೆಯವನಲ್ಲವೇನೋ ಎಂದರು. "ನಮ್ಮನೇಲಿ ಪುಸ್ತಕ ಕೊಳ್ಳೋಕೆ ಆಗುತ್ತೆ ಸಾರ್." ತನ್ನ ದನಿ ಆ ಹಾಲಿನಲ್ಲಿ ಎಷ್ಟು ಚೊಕ್ಕವಾಗಿ ಕೇಳಿಸಿತೆಂದು ಅವನಿಗೆ ಇವತ್ತಿಗೂ ಆಶ್ಚರ್ಯ. "ಹಾಗಾದ್ರೆ ಇವಳ್ಯಾಕೆ ನಿಂತಿದ್ದಾಳೆ?" ಹಾಲಿಗೆ ಹಾಲೇ ನಕ್ಕಿತು. ಅಕ್ಕ ಅವನ ಕಡೆ ತಿರುಗಲಿಲ್ಲ. ಲಂಗವನ್ನು ಹಿಂದಿನಿಂದ ಸರಿಮಾಡಿಕೊಂಡು ಕೂತಳು. ಕೂತದ್ದೇ ಅವನ ಮಾತಿಗೆ ಅವಳು ಕೊಟ್ಟ ಸಾಕ್ಷಿ. ಆ ವರ್ಷ ಪೂರ್ತಿ ಇಬ್ಬರ ಪಾಠಗಳನ್ನೂ ಗೆಳತಿಯರ ಪುಸ್ತಕದಿಂದ ಅವಳೇ ಕೈಯಲ್ಲಿ ಬರೆದಳು. ಆಮೇಲೆ ಎಂದೂ ಅವನ ಎದುರಿಗೆ ಅವಳು ಯಾವುದಕ್ಕೂ ಎದ್ದು ನಿಂತದ್ದಿಲ್ಲ.

ಹದಿನಾಲ್ಕನೇ ಮನೆಯ ಬಾಗಿಲು ತೆರೆದಾಗ ಬಿಸಿ ಇಸ್ತ್ರಿಯ ವಾಸನೆ ಮೊದಲು ಬಂತು, ಅಕ್ಕ ಆಮೇಲೆ. "ಏನೋ ಇದು, ಹದಿನೈದು ದಿನದಲ್ಲಿ ಎರಡು ಸಲ? ಹೆಂಡತಿ ಮನೆಯಿಂದ ಹೊರಗೆ ಹಾಕಿದ್ಲಾ?" ಅವನು ಷೂ ಬಿಚ್ಚಿ, ಕಾಲುಚೀಲದಲ್ಲೇ ಒಳಗೆ ಬಂದ. ಒಂದೇ ಕೋಣೆ, ಅದರ ಮೂಲೆಗೆ ಅಡುಗೆಯ ಕಟ್ಟೆ, ಪಕ್ಕದಲ್ಲಿ ಬಚ್ಚಲ ಬಾಗಿಲು. ಬೀರುವಿನ ನಾಲ್ಕೂ ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ ಓಡಿತ್ತು, ಪಾತ್ರೆಯಲ್ಲಿ ಕಾದು ಇಳಿದ ಹಾಲಿನ ಗೆರೆಯ ಹಾಗೆ. ಅದನ್ನು ಅವನು ಕಳೆದ ಸಲ ನೋಡದೆ ಇರುವುದರಲ್ಲಿ ಗೆದ್ದಿದ್ದ. ಭಾವ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು, ಮೊನ್ನೆಯ ಪತ್ರಿಕೆಯ ಅಚ್ಚಿನ ತಪ್ಪುಗಳಿಗೆ ಕೆಂಪು ಪೆನ್ನಿನಿಂದ ಗುಂಡು ಸುತ್ತುತ್ತಿದ್ದರು. ಅವನು ಬ್ಯಾಗಿನಿಂದ ಪತ್ರಿಕೆ ತೆಗೆದು ಕೊಟ್ಟ. "ಇವತ್ತಿನದಾ?" ಎಂದ ಭಾವನ ದನಿಯಲ್ಲಿದ್ದ ಸಂತೋಷವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಅಕ್ಕ, ಆ ಕಾರ್ಡಿನ ವಿಷಯ," ಎಂದ.

"ಅದು ಮುಗೀತಲ್ಲ. ಹೇಳಿದೆ, ಬರ್ಕೊಂಡೆ."

"ಒಂದು ಮನೆ ಕಮ್ಮಿ ಬಿದ್ದಿದೆ. ಬರೀ ಒಂದು. ಇವತ್ತು ಸಂಜೆಯೊಳಗೆ ಆಗದಿದ್ರೆ ಕೊಳವೆ ಈ ಬೀದಿಗೆ ಬರಲ್ಲ. ಇನ್ನೊಂದು ಸಲ ಸರದಿ ಬರೋಕೆ ಐದು ವರ್ಷ."

"ಇನ್ನೂರು ಮನೇಲಿ ನಾನೊಬ್ಬಳೇ ಸಿಕ್ಕಿದ್ನಾ ನಿಂಗೆ? ಎದುರುಮನೆಯವರನ್ನ ಕೇಳು. ಎರಡು ಸ್ಕೂಟರ್ ಇಟ್ಕೊಂಡು ಕೆಳಗೆ ಅಂದಿರ್ತಾರೆ."

"ಅವರು ಏನಂದ್ರು ಅಂತ ನಾನು ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ಲ ಅಂದ್ರೆ ಮೇಲೆ ಅಂದಿದ್ದಾರೆ. ನೋಡಿದ್ರಾ," ಎಂದು ಗಂಡನ ಕಡೆ ತಿರುಗಿದಳು. "ಅವಳೇ ಮೇಲೆ ಅಂದ್ಮೇಲೆ ನಾನು ಕೆಳಗೆ ಅನ್ಲಾ?"

ಆ ಹೊತ್ತಿಗೆ ಬಚ್ಚಲ ಬಾಗಿಲ ಹಿಂದೆ ಏನೋ ಗುಟುಕರಿಸಿತು. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ನುಂಗಿದ ಸದ್ದು. ಅಕ್ಕ ಮಾತು ನಿಲ್ಲಿಸದೆಯೇ ಎರಡು ಹೆಜ್ಜೆ ಹಿಂದೆ ಸರಿದು ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಮನೆಗೆ ಬಂದವರ ಹತ್ತಿರ ಆರಾಮಾಗಿ ಹರಟುವವಳ ಹಾಗೆ, ಕೈ ಕಟ್ಟಿಕೊಂಡು. ಅದೇ ಕಟ್ಟಡದ ಮೇಲಿನ ಮೂರು ಮಹಡಿಯವರು ಏಕಕಾಲಕ್ಕೆ ಸ್ನಾನ ಮಾಡುವ ಸಮಯ. ಮತ್ತೆ ಗುಟುಕರಿಸಿತು. "ಏನದು?" ಎಂದ, ಕೇಳಬಾರದಿತ್ತೆಂದು ಕೇಳುವಾಗಲೇ ಗೊತ್ತಿದ್ದೂ. "ಬೆಕ್ಕು," ಎಂದಳು. "ಪಕ್ಕದ ಮನೆಯದು. ಸಿಕ್ಕಿದ್ದೆಲ್ಲ ತಿನ್ನುತ್ತೆ." ಭಾವ ಓದುವುದನ್ನು ನಿಲ್ಲಿಸದೆಯೇ ಎರಡೂ ಕಾಲನ್ನು ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡರು. ಅದು ಏಕೆಂದು ಅವನಿಗೆ ಅರ್ಥವಾಗುವಷ್ಟರಲ್ಲಿ ಬಾಗಿಲ ಕೆಳಗಿನಿಂದ ತೆಳ್ಳಗಿನ ಬೂದು ನೀರು ಹೊರಟು, ಅಕ್ಕನ ಹಿಮ್ಮಡಿಯನ್ನು ಬಳಸಿ, ನೆಲದ ಇಳಿಜಾರು ಹಿಡಿದು ನೇರವಾಗಿ ಅವನ ಕಡೆ ಬಂತು. ಬರುವುದನ್ನು ನೋಡಿದ. ಕಾಲು ಸರಿಸಬಹುದಿತ್ತು. ಸರಿಸಿದರೆ ನೋಡಿದ ಹಾಗಾಗುತ್ತದೆ. ನೀರು ಮೊದಲು ಬಲಗಾಲಿನ ಕಾಲುಚೀಲಕ್ಕೆ ತಗುಲಿತು, ತಣ್ಣಗಿರಲಿಲ್ಲ, ಯಾರದೋ ಮೈಯ ಬಿಸಿ ಇನ್ನೂ ಅದರಲ್ಲಿತ್ತು, ಆಮೇಲೆ ಎಡಗಾಲಿಗೆ. ಅಕ್ಕ ಅವನ ಪಾದಗಳನ್ನು ನೋಡಿದಳು. ಅವನು ಅವಳು ನೋಡುವುದನ್ನು ನೋಡಿದ. ಇಬ್ಬರೂ ಆಡುತ್ತಿದ್ದ ಮಾತು ಯಾವುದೆಂದು ಮರೆತು, ಇಬ್ಬರೂ ಅದನ್ನೇ ಮುಂದುವರಿಸಿದರು.

"ನಾನು ಒಂದು ಸಲ ಹೇಳಿದ್ದನ್ನ ಬದಲಾಯಿಸೋಳಲ್ಲ," ಎಂದಳು ಅಕ್ಕ. "ನೀನು ಕಾರ್ಡ್ ಹಿಡ್ಕೊಂಡು ಬಂದ್ರೂ ಅಷ್ಟೆ, ಮಂತ್ರಿಗಳು ಬಂದ್ರೂ ಅಷ್ಟೆ. ನಾವು ಮೇಲೇ. ಚಹಾ ಮಾಡ್ತೀನಿ, ಕೂತ್ಕೋ."

"ಬೇಡ ಅಕ್ಕ. ಹೊತ್ತಾಯ್ತು."

ಒದ್ದೆ ಕಾಲುಚೀಲದ ಮೇಲೆಯೇ ಷೂ ತೊಟ್ಟುಕೊಂಡ. ಬಿಚ್ಚಿ ಹಿಂಡುವುದಕ್ಕೆ ಅಲ್ಲಿ ಸ್ಥಳವಿದ್ದರೂ ಧೈರ್ಯವಿರಲಿಲ್ಲ. ಭಾವ ಕಳಿಸಿಕೊಡುವ ನೆಪದಲ್ಲಿ ಹೊರಗೆ ಬಂದರು, ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ. ಬೀದಿಯ ಉದ್ದಕ್ಕೂ ಮನೆಗಳ ಮುಂದೆ ಹೆಂಗಸರು ಪೊರಕೆಯಿಂದ ನೀರು ಹೊರದಬ್ಬುತ್ತಿದ್ದರು. ಭಾವ ಅವರ ಕಡೆ ನೋಡುತ್ತಲೇ, "ನೀನು ಬರಬಾರದಿತ್ತಪ್ಪ," ಎಂದರು, ಬಯ್ಯುವ ದನಿಯಲ್ಲಲ್ಲ. "ಗುರುತಿಲ್ಲದವರು ಯಾರಾದ್ರೂ ಬಂದಿದ್ರೆ ಬಚ್ಚಲಿಗೇ ಕರ್ಕೊಂಡು ಹೋಗಿ ತೋರಿಸಿರೋಳು. ಬಂದವರು ಬಂದಿದ್ದಕ್ಕೆ ಅಳಬೇಕು, ಹಾಗೆ ತೋರಿಸಿರೋಳು. ನಿನ್ನ ಮುಂದೆ ಹೇಳಲ್ಲ ಅವಳು. ಪ್ರಾಣ ಹೋದ್ರೂ ಹೇಳಲ್ಲ." ಆಮೇಲೆ ಪತ್ರಿಕೆ ಬಿಡಿಸಿ, "ಮೊದಲ ಪುಟದಲ್ಲೇ ಎರಡು ತಪ್ಪು," ಎಂದು ತೃಪ್ತಿಯಿಂದ ಒಳಗೆ ಹೋದರು.

ಬಸ್ಸಿನಲ್ಲಿ ಪಕ್ಕದ ಸೀಟಿನವನು ಎದ್ದು ಹೋಗಿ ಬೇರೆ ಕಡೆ ನಿಂತ. ಅವನ ಸ್ಟಾಪು ಬಂದಿರಬಹುದು. ಇಲ್ಲ, ಮುಂದಿನ ಸ್ಟಾಪಿನಲ್ಲೂ ಅಲ್ಲೇ ನಿಂತಿದ್ದ. ಆಫೀಸಿನ ಮೆಟ್ಟಿಲು ಹತ್ತುವಾಗ ಪ್ರತಿ ಹೆಜ್ಜೆಗೂ ಷೂ ಒಳಗಿಂದ ಒಂದು ಸಣ್ಣ ಗುಟುಕು ಕೇಳಿಸುತ್ತಿತ್ತು, ಅಕ್ಕನ ಮನೆಯ ಬೆಕ್ಕು ಜೊತೆಗೇ ಬಂದ ಹಾಗೆ. ಗುರುತಿಲ್ಲದವರು ಬಂದಿದ್ದರೆ. ಹದಿನಾಲ್ಕನೇ ಮನೆಗೆ ಪೆನ್ಸಿಲ್ ಹೋಗಿದ್ದರೆ ಅಕ್ಕ ಕೆಳಗೆ ಎನ್ನುತ್ತಿದ್ದಳು, ನೂರ ಒಂಬತ್ತು ಆಗುತ್ತಿತ್ತು, ಈ ಹೊತ್ತಿಗೆ ಕೊಳವೆಯ ಅಳತೆ ನಡೆಯುತ್ತಿತ್ತು. ಇನ್ನೂರ ಹನ್ನೆರಡು ಮನೆಯವರ ಬಚ್ಚಲನ್ನು ತಾನೊಬ್ಬನೇ, ಒಂದು ಬೀದಿಯನ್ನು ಅದಲುಬದಲು ಮಾಡಿಕೊಂಡು, ಕಟ್ಟಿಹಾಕಿದ್ದೇನೆಂಬ ಯೋಚನೆ ಎಷ್ಟು ದೊಡ್ಡದಾಗಿತ್ತೆಂದರೆ, ಅದರ ಪಕ್ಕದಲ್ಲಿ ಹಾದುಹೋಗುವುದು ಸುಲಭವಾಗಿತ್ತು. ಈಗಲೂ ಪೆನ್ಸಿಲ್‌ಳನ್ನು ಕಳಿಸಬಹುದೇ? ಕಳಿಸಲು ಕಾರಣ ಬರೆಯಬೇಕು. ಕಾರಣ ಬರೆದರೆ ಆ ಮನೆಯನ್ನು ಕೇಳುವ ಪ್ರಶ್ನೆಯೇ ಉಳಿಯುವುದಿಲ್ಲ. ಸಿಬ್ಬಂದಿಯ ಸಂಬಂಧಿಕರ ಮನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಈ ನಿಯಮವನ್ನು ಅವನು ಇಲ್ಲಿಯತನಕ ಯೋಚಿಸಿ, ಎಂದಿನಂತೆ ಇಲ್ಲಿಗೇ ಬಿಟ್ಟ.

"ಸಾರ್, ಎಲ್ಲಿ ಕಾಲಿಟ್ಟು ಬಂದ್ರಿ?" ಪೆನ್ಸಿಲ್ ಮೂಗಿಗೆ ಕರವಸ್ತ್ರ ಹಿಡಿದು ಕೇಳಿದಳು. ಅವಳ ಮುಂದೆ ಫಾರಂಗಳ ಎರಡು ಕಟ್ಟುಗಳಿದ್ದವು, ಕೆಳಗಿನವರದೊಂದು, ಮೇಲಿನವರದೊಂದು.

"ರಸ್ತೇಲಿ ಗುಂಡಿ."

"ಗುಂಡೀನೂ ನಮ್ಮ ವಿಭಾಗದ್ದೇ, ದೂರು ಕೊಡೋಕೂ ಆಗಲ್ಲ." ಅವಳು ಮೇಲಿನವರ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು. "ಬೆಳಿಗ್ಗೆಯಿಂದ ಒಂದು ಯೋಚನೆ ಸಾರ್. ನಾವು ಸುಮ್ನೆ ಇನ್ನೊಂದು ಕೆಳಗೆ ಹುಡುಕ್ತಾ ಇದೀವಿ. ಮೇಲೆ ಅಂದವರಲ್ಲಿ ಒಂದು ಮನೆ ಹಾರಿಸಿದ್ರೂ ಸಾಕಲ್ವಾ?"

"ಹಾರಿಸೋದು ಅಂದ್ರೆ?"

"ಲೆಕ್ಕದಲ್ಲಿ ಇರಬಾರದ ಮನೆ ಯಾವುದಾದ್ರೂ ಇದ್ರೆ. ಖಾಲಿ ಮನೆ, ಎರಡು ಸಲ ಬರೆದ ಮನೆ, ಆಫೀಸಿನವರ ನೆಂಟರ ಮನೆ. ಅಂಥದ್ದು ಒಂದು ತೆಗೆದುಬಿಟ್ರೆ ಉಳಿಯೋದು ಇನ್ನೂರ ಹನ್ನೊಂದು. ಅದರಲ್ಲಿ ನೂರ ಎಂಟು." ತುರುಬಿನಿಂದ ಪೆನ್ಸಿಲ್ ಎಳೆದು ರಟ್ಟಿನ ಮೇಲೆ ಭಾಗಿಸಿದಳು. "ಐವತ್ತೊಂದು ಪಾಯಿಂಟ್ ಒಂದು ಎಂಟು. ಬಸ್ಸಿನೊಳಗೆ ಸೀಟೇ ಸಿಕ್ಕಿತು."

ಅವನು ಆ ಅಂಕಿಯನ್ನು ತಲೆಕೆಳಗಾಗಿ, ತನ್ನ ಕಡೆಯಿಂದ ಓದಿದ. ಎರಡು ದಿನ ಎರಡು ರಾತ್ರಿ ಅಕ್ಕನನ್ನು ಮೇಲಿನಿಂದ ಕೆಳಕ್ಕೆ ತಳ್ಳಲು ಹೆಣಗಿದ್ದ. ಅವಳು ಅಲುಗಾಡಬೇಕಾಗಿಯೇ ಇರಲಿಲ್ಲ. ಅವಳನ್ನು ಅಕ್ಕ ಎಂದರೆ ಸಾಕಿತ್ತು. ಅಷ್ಟು ಸಣ್ಣ ಭಾಗಾಕಾರ ತನಗೆ ಹೊಳೆಯಲಿಲ್ಲವೆಂದು ಅವನು ನಂಬಲು ಪ್ರಯತ್ನಿಸಿದ. ಪೆನ್ಸಿಲ್ ಒಂದೊಂದೇ ಫಾರಂ ಮಗುಚುತ್ತಿದ್ದಳು, ಒಂಬತ್ತು, ಹನ್ನೊಂದು, ಹನ್ನೆರಡು. ಹದಿನಾಲ್ಕರ ಜಾಗದಲ್ಲಿ ಏನೂ ಇರಲಿಲ್ಲ. "ಇದೊಂದು ಎಲ್ಲಿ?" ಎಂದಳು. ಅವನು ಬ್ಯಾಗಿನಿಂದ ತೆಗೆದು ಕೊಟ್ಟ. ಏಕೆ ಬ್ಯಾಗಿನಲ್ಲಿತ್ತೆಂದು ಅವಳು ಕೇಳಲಿಲ್ಲ. ಏಳನೇ ಪ್ರಶ್ನೆಯ ಮೇಲೆ ಅವಳ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತೆಂದು ಅವನಿಗೆ ಅನ್ನಿಸಿತು. ಎರಡು ಸಲ ತೊದಲಿದ ಆ ಎರಡಕ್ಷರ. "ಇದರಲ್ಲೇನ್ ಕಾಣ್ಸಲ್ಲ," ಎಂದು ಕಟ್ಟಿಗೆ ಸೇರಿಸಿದಳು. "ಯಾರಾದ್ರೂ ಬಾಯಿಬಿಟ್ಟು ಹೇಳಿದ್ರೆ ಮಾತ್ರ."

ಊಟದ ಹೊತ್ತಿನಲ್ಲಿ ಅವನು ಗೇಟಿನ ತನಕ ಹೋಗಿ ಬಂದ. ಅಲ್ಲಿ, ಕಾಂಪೌಂಡಿಗೆ ತಾಗಿ, ಮಡಿಸುವ ಮೇಜು ಹಾಕಿಕೊಂಡು ವಿಮೆ ಮಾರುವ ಮನುಷ್ಯನಿದ್ದ. ಎರಡು ವರ್ಷದ ಹಿಂದೆ ಒಳಗೇ ಇದ್ದವನು. ಚಾವಣಿ ದುರಸ್ತಿಯ ಪಟ್ಟಿಯಲ್ಲಿ ಮಾವನ ಮನೆ ಸೇರಿಸಿ, ಸುಳ್ಳು ಹೇಳಿಕೆಗೆ ಸಹಿ ಹಾಕಿ ಸಿಕ್ಕಿಬಿದ್ದಿದ್ದ. ಮೇಡಂ ಒಂದೇ ಮಧ್ಯಾಹ್ನದಲ್ಲಿ ಅವನನ್ನು ಹೊರಗೆ ಕಳಿಸಿದ್ದರು, ಅವನು ಗೇಟು ದಾಟಿ ಮೂರು ಮಾರು ನಡೆದು ಅಲ್ಲೇ ನಿಂತುಬಿಟ್ಟಿದ್ದ. "ಏನ್ ಸಾರ್, ಖಾಯಂ ಆಯ್ತಾ? ಆದ ದಿನವೇ ಒಂದು ಪಾಲಿಸಿ ನನ್ನ ಹತ್ರ," ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದ. ಅವನ ಮೇಜಿನ ಮೇಲಿನ ಕಾಗದಗಳು ಹಾರದಂತೆ ನಗರಸಭೆಯ ಮುದ್ರೆಯಿರುವ ಹಳೆಯ ಗಾಜಿನ ಗುಂಡು ಇಟ್ಟಿದ್ದ. ಇವನು ಹೆಂಡತಿಗೆ ಫೋನು ಮಾಡೋಣವೆಂದು ಕೈಗೆ ತೆಗೆದುಕೊಂಡು, ಅವಳು ಏನು ಹೇಳುತ್ತಾಳೆಂದು ತಲೆಯೊಳಗೇ ಪೂರ್ತಿ ಕೇಳಿಸಿಕೊಂಡು, ಜೇಬಿಗೆ ಹಾಕಿಕೊಂಡ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದು ಎಂದರೆ ಕೊಳವೆ ಬರುವುದಿಲ್ಲ, ಭಾವ ಕಾಲೆತ್ತಿ ಇಟ್ಟುಕೊಂಡು ಓದುತ್ತಾರೆ, ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಇನ್ನೂ ಐದು ವರ್ಷ. ಅಷ್ಟರಲ್ಲಿ ತಾನು ಖಾಯಂ ಆಗಿರುತ್ತೇನೆ, ಆಗ ಏನಾದರೂ ಮಾಡಬಹುದು. ಆ ವಾಕ್ಯವನ್ನು ಅವನು ಮನಸ್ಸಿನಲ್ಲೇ ಇನ್ನೊಂದು ಸಲ ಹೇಳಿಕೊಂಡ. ಅದು ಆ ಶಾಲೆಯ ಹಾಲಿನಲ್ಲಿ ಕೇಳಿಸಿದಷ್ಟೇ ಚೊಕ್ಕವಾಗಿ ಕೇಳಿಸಿತು.

ನಾಲ್ಕಕ್ಕೆ ಮೇಡಂ ಕೋಣೆಯಲ್ಲಿ ಮೂವರೇ. ಮೇಜಿನ ಮೇಲೆ ಎರಡು ಕಡತ, ಬೀದಿಯದೊಂದು, ದೀಪದ ಕಂಬದ್ದೊಂದು. ಮೇಡಂ ಪೆನ್ನಿನ ಮುಚ್ಚಳ ತೆಗೆದು, ತೆಗೆದ ಕೈ ಹಾಗೆಯೇ ನಿಲ್ಲಿಸಿ, "ಏನ್ರೀ ಇದು ವಾಸನೆ? ಯಾವುದೋ ಪೈಪ್ ಒಡೆದಿದ್ಯಾ?" ಎಂದು ಕಿಟಕಿಯ ಕಡೆ ನೋಡಿದರು. ಪೆನ್ಸಿಲ್ ಎದ್ದು ಕಿಟಕಿ ತೆರೆದಳು. ವಾಸನೆ ಹೋಗಲಿಲ್ಲ, ಗಾಳಿಯಿಂದ ಚುರುಕಾಯಿತು. ಅವನು ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಎಳೆದುಕೊಂಡಾಗ ಷೂ ಗುಟುಕರಿಸಿತು.

"ಸರಿ, ಬೇಗ ಮುಗಿಸೋಣ. ಬೀದಿ ಪಾಸಾಗಿಲ್ಲ," ಎಂದು ಮೇಡಂ ಕೊನೆಯ ಹಾಳೆಯನ್ನು ಓದತೊಡಗಿದರು, ವರ್ಷಕ್ಕೆ ಹತ್ತು ಸಲ ಓದುವುದನ್ನು ಓದುವ ದನಿಯಲ್ಲಿ. "ಮನೆಗಳ ಸಂಖ್ಯೆ ಸರಿಯಿದೆ. ಪ್ರಶ್ನೆಗಳನ್ನು ನಿಯಮದಂತೆ ಕೇಳಲಾಗಿದೆ. ಸಮೀಕ್ಷೆ ಮಾಡಿದವರ ಸಂಬಂಧಿಕರ ಮನೆ ಯಾವುದೂ ಸೇರಿಲ್ಲ. ಸೇರಿಲ್ಲ ತಾನೇ?" ಉತ್ತರಕ್ಕೆ ಕಾಯದೆ ಪೆನ್ನನ್ನು ಕಾಗದಕ್ಕೆ ಇಳಿಸಿದರು.

ಅವನು ಎದ್ದು ನಿಂತ.

ನಿಲ್ಲುವ ಅಗತ್ಯವೇನೂ ಇರಲಿಲ್ಲ. ಆ ಕೋಣೆಯಲ್ಲಿ ಯಾರೂ ಎದ್ದು ನಿಂತು ಮಾತಾಡುತ್ತಿರಲಿಲ್ಲ. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಮೇಡಂ ತಲೆಯೆತ್ತಿದರು.

"ಹೊರಗೆ ಹೋಗಬೇಕಿತ್ತಾ?"

"ಇಲ್ಲ ಮೇಡಂ. ಪೈಪ್ ಒಡೆದಿಲ್ಲ. ವಾಸನೆ ನನ್ನ ಕಾಲಿಂದ ಬರ್ತಿರೋದು. ಹದಿನಾಲ್ಕನೇ ಮನೆಯದು. ಅದು ನಮ್ಮಕ್ಕನ ಮನೆ."

"ಕೂತ್ಕೊಳ್ರಿ. ಕೂತು ಹೇಳಿ."

ಅವನು ಕೂರಲಿಲ್ಲ. ಮೊಣಕಾಲು ಬಗ್ಗಿದರೆ ಮಾತು ಹಿಂದಕ್ಕೆ ಹೋಗುತ್ತದೆಂದು ಭಯವಾಯಿತು. ನಿಂತೇ ಹೇಳಿದ: ಬೀದಿ ಅದಲುಬದಲು ಮಾಡಿಕೊಂಡದ್ದು, ಸಹಿ ಹಾಕಿದ್ದು, ಏಳನೇ ಪ್ರಶ್ನೆಗೆ ತಾನೇ ಇಲ್ಲ ಎಂದು ಬರೆದದ್ದು. ಹೇಳುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಮೇಡಂ ಕಡತದ ಅಡಿಯಿಂದ ಅವನ ಹೇಳಿಕೆಯ ಹಾಳೆ ಎಳೆದು ಅವನ ಕಡೆ ತಿರುಗಿಸಿದರು. "ಇದು ನಿಮ್ಮ ಸಹಿ ತಾನೇ?" ಹೌದೆಂದ. "ಇದರ ಅರ್ಥ ಗೊತ್ತಲ್ಲ ನಿಮಗೆ." ಗೊತ್ತೆಂದ. ಅವರು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಅವನನ್ನು ನೋಡಿದರು. ಮೆಟ್ಟಿಲ ಹತ್ತಿರ ನಕ್ಕದ್ದು ಇದೇ ಮುಖವೇ ಎಂದು ಅವನು ಹುಡುಕಿದ. "ನಾಳೆಯಿಂದ ಬರೋದು ಬೇಡ," ಎಂದರು. "ಗುರುತಿನ ಚೀಟಿ ಹೋಗುವಾಗ ಕೊಟ್ಟು ಹೋಗಿ." ಆಮೇಲೆ ಹದಿನಾಲ್ಕನೇ ಮನೆಯ ಫಾರಂ ತೆಗೆದು, ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ಸಿಬ್ಬಂದಿಯ ಅಕ್ಕ ಎಂದು ಬರೆದರು. ನಾಲ್ಕು ವರ್ಷದಲ್ಲಿ ಆ ಆಫೀಸಿನ ಕಾಗದದಲ್ಲಿ ಅವನನ್ನು ಸಿಬ್ಬಂದಿ ಎಂದು ಬರೆದದ್ದು ಅದೇ ಮೊದಲು.

ಪೆನ್ಸಿಲ್ ಬೆಳಿಗ್ಗೆ ಮಾಡಿದ ಭಾಗಾಕಾರವನ್ನು ಈಗಷ್ಟೇ ಮಾಡುವವಳ ಹಾಗೆ ಇನ್ನೊಂದು ಸಲ ಮಾಡಿ, ಕಾಗದವನ್ನು ಮೇಡಂ ಮುಂದೆ ಸರಿಸಿದಳು. ಅವನ ಕಡೆ ನೋಡಲಿಲ್ಲ. ಕೂದಲು ಬಿಚ್ಚಿ ಭುಜದ ಮೇಲೆ ಬಿದ್ದಿತ್ತು, ಅದನ್ನು ಕಟ್ಟಿಕೊಳ್ಳಲೂ ಇಲ್ಲ. ಮೇಡಂ ಅಂಕಿಯನ್ನು ಎರಡು ಸಲ ಓದಿ, ದೀಪದ ಕಂಬದ ಕಡತವನ್ನು ಎಡಗಡೆಯ ಟ್ರೇಗೆ ಹಿಂದಿರುಗಿಸಿ, ಬೀದಿಯ ಕಡತಕ್ಕೆ ಸಹಿ ಹಾಕಿದರು. ಶಾಯಿ ಒಣಗಲು ಕಾಯುವಾಗ, ಕಡತಕ್ಕೆ ಬೇಡದ, ಸುಮ್ಮನೆ ಕುತೂಹಲದ ಪ್ರಶ್ನೆಯಾಗಿ ಕೇಳಿದರು:

"ಅಂದ ಹಾಗೆ, ನಿಮ್ಮಕ್ಕ ನಿಜವಾಗ್ಲೂ ಮೇಲಾ, ಕೆಳಗಾ?"

ಒದ್ದೆ ಕಾಲುಚೀಲದೊಳಗೆ ಬೆರಳುಗಳು ಮುದುರಿಕೊಂಡವು. ಅವನು ಇನ್ನೂ ನಿಂತೇ ಇದ್ದ.

"ಅವಳು ಮೇಲೆ ಅಂದಿದ್ದಾಳೆ ಮೇಡಂ," ಎಂದ.